ಏಡಿ ತಂದಿದ್ದೀರಾ? ಮೊದಲು ಮಗುಚಿ ನೋಡಿ

ಜೂನ್ ಎರಡನೇ ವಾರ ಬಂತು ಅಂದ್ರೆ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಕಪ್ಪು ಏಡಿ ಕಾಣಿಸುತ್ತದೆ. ಕರ್ಜತ್, ಕಸಾರಾ ಕಡೆಯಿಂದ ಬೆಳಗಿನ ಲೋಕಲ್‌ನಲ್ಲಿ ಬಂದ ಹೆಂಗಸರು ಗೋಣಿ ಹಾಸಿ ಕೂತಿರುತ್ತಾರೆ. ಮುಂದೊಂದು ಬುಟ್ಟಿ. ಅದರಲ್ಲಿ ನಾರಿನಿಂದ ಗೊಂಚಲು ಕಟ್ಟಿದ ಏಡಿಗಳು, ಮೈಗೆ ಇನ್ನೂ ಗದ್ದೆಯ ಕೆಸರು ಅಂಟಿಕೊಂಡೇ ಇರುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಕಡಿಮೆ, ಇದ್ದದ್ದಕ್ಕೂ ಬೆಲೆ ಜಾಸ್ತಿ. ಶ್ರಾವಣ ಬರುವ ಮುಂಚೆ ಬಾಯಿಗೆ ಏನಾದರೂ ಬೇಕು. ಹಾಗಾಗಿ ಈ ಬುಟ್ಟಿಗಳ ಸುತ್ತ ಜನ ಸೇರುತ್ತಾರೆ, ಅವರಲ್ಲಿ ನಮ್ಮ ಕನ್ನಡದವರೂ ಇರುತ್ತಾರೆ.

ನಾನು ಕುಂದಾಪುರ ಕಡೆಯವಳು. ಏಡಿ ಅಂದ್ರೆ ನನಗೆ ಸಮುದ್ರದ್ದು, ಹೊಳೆಬಾಯಿಯದ್ದು. ಗಂಡನ ಮನೆ ತೀರ್ಥಹಳ್ಳಿ ಹತ್ತಿರ. ಅವರಿಗೆ ಏಡಿ ಅಂದ್ರೆ ಗದ್ದೆ ಬದುವಿನ ಬಿಲದ್ದು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಮಾಡುತ್ತಾ ಬಂದಿದ್ದೇನೆ. ಎರಡನ್ನೂ ಒಂದೇ ಥರ ನೋಡಬಾರದು ಅಂತ ಗೊತ್ತಾಗಲು ನನಗೆ ತುಂಬಾ ವರ್ಷ ಬೇಕಾಯಿತು. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಬಿಲ್ಡಿಂಗಿನಲ್ಲಿ ಯಾರಾದರೂ "ಏಡಿಯಲ್ಲಿ ಹುಳ ಇತ್ತು, ಹಾಗೇ ಎಸೆದುಬಿಟ್ಟೆ" ಅಂತ ಹೇಳಿದರೆ, ಅದು ಹೆಚ್ಚಾಗಿ ಸಮುದ್ರದ ಏಡಿಯಾಗಿರುತ್ತದೆ. ಕಂಡ ಹುಳ ಮನುಷ್ಯರಿಗೆ ಏನೂ ಮಾಡದ್ದಾಗಿರುತ್ತದೆ. ಅದೇ ಜನ ಗದ್ದೆ ಏಡಿ ತಂದಾಗ "ಎಷ್ಟು ಕ್ಲೀನಾಗಿದೆ ನೋಡಿ" ಅನ್ನುತ್ತಾರೆ. ಕಣ್ಣಿಗೆ ಕಂಡು ಹೆದರಿಸುವುದು ಒಂದು, ಮೈಗೆ ಸೇರಿ ತೊಂದರೆ ಕೊಡುವುದು ಇನ್ನೊಂದು. ಎರಡನೆಯದು ಬರಿಗಣ್ಣಿಗೆ ಸಿಗುವುದೇ ಕಷ್ಟ.

ಮೊದಲ ಹೆಜ್ಜೆ: ಯಾವ ನೀರಿನದ್ದು ಅಂತ ಕೇಳಿ

ಚೌಕಾಸಿ ಆಮೇಲೆ. ಮೊದಲು ಇದನ್ನು ಕೇಳಿ. ಮರಾಠಿಯಲ್ಲಿ "ಖಾಡೀಚಾ ಕೀ ಶೇತಾತಲಾ?" ಅಂದರೆ ಸಾಕು. ಖಾಡಿ ಅಂದರೆ ನಮ್ಮ ಅಳಿವೆ, ಉಪ್ಪುನೀರಿನ ಹಿನ್ನೀರು. ಶೇತ ಅಂದರೆ ಗದ್ದೆ. ಇಲ್ಲಿನ ಕೋಳಿ ಸಮುದಾಯದ ಮೀನುಗಾರ ಹೆಂಗಸರು ಖಾಡಿಯ, ಸಮುದ್ರದ ಏಡಿಗೆ ಚಿಂಬೋರಿ ಅನ್ನುತ್ತಾರೆ. ಗದ್ದೆಯ ಸಣ್ಣ ಏಡಿಗೆ ಮುಠೆ ಅಂತಲೂ ಹೇಳುತ್ತಾರೆ. ಮಾರುವವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ, ಗದ್ದೆಯದ್ದು ಅಂತ ಹೆಮ್ಮೆಯಿಂದಲೇ ಹೇಳುತ್ತಾರೆ.

ಕೇಳಲು ಆಗದಿದ್ದರೆ ಏಡಿಯೇ ಹೇಳುತ್ತದೆ. ಹಿಂದಿನ ಕೊನೆಯ ಜೋಡಿ ಕಾಲು ನೋಡಿ. ಅಳಿವೆಯ ದೊಡ್ಡ ಏಡಿಗೂ, ನೀಲಿ ಏಡಿಗೂ, ಬೆನ್ನ ಮೇಲೆ ಮೂರು ಕೆಂಪು ಚುಕ್ಕೆ ಇರುವ ಏಡಿಗೂ ಆ ಕಾಲಿನ ತುದಿ ಚಪ್ಪಟೆ, ದೋಣಿಯ ಹುಟ್ಟಿನ ಹಾಗೆ. ಈಜಲು ಬೇಕಲ್ವಾ, ಅದಕ್ಕೆ. ಚಿಪ್ಪಿನ ಮುಂದಿನ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ಅಳಿವೆ ಏಡಿಗಾದರೆ ಕಣ್ಣಿನ ಪಕ್ಕದಿಂದ ಆಚೀಚೆ ಒಂಬತ್ತೊಂಬತ್ತು. ಗದ್ದೆ ಏಡಿಗೆ ಎಲ್ಲ ಕಾಲೂ ಮೊನೆಯಾಗಿರುತ್ತದೆ, ಚಿಪ್ಪು ದುಂಡಗೆ ನುಣ್ಣಗೆ, ಬಣ್ಣ ಕಂದುಗಪ್ಪು. ಎರಡು ಸಲ ನೋಡಿದರೆ ಮೂರನೇ ಸಲ ಕೇಳುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ಮಾತು. ಯಾವ ಏಡಿಯಾದರೂ ಜೀವಂತ ಇರಬೇಕು. ಸತ್ತ ಏಡಿ ಬಹಳ ಬೇಗ ಕೆಡುತ್ತದೆ. ಅದರ ಹೊಟ್ಟೆಯೊಳಗಿನ ರಸವೇ ಅದರ ಮಾಂಸವನ್ನು ಕರಗಿಸಲು ಶುರು ಮಾಡುತ್ತದೆ, ರೋಗಾಣುಗಳೂ ದುಪ್ಪಟ್ಟಾಗುತ್ತಾ ಹೋಗುತ್ತವೆ. ಕಣ್ಣಿನ ಹತ್ತಿರ ಕಡ್ಡಿ ತಾಗಿಸಿದರೆ ಕಣ್ಣು ಒಳಗೆ ಎಳೆದುಕೊಳ್ಳಬೇಕು. ಕಾಲು ಜೋತುಬಿದ್ದು ಅಲ್ಲಾಡದ ಏಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಮಗುಚಿ ಹೊಟ್ಟೆಯ ಮುಚ್ಚಳ ಎತ್ತಿ

ಹೊಟ್ಟೆಯ ಮೇಲೆ ಮಡಚಿಕೊಂಡ ಒಂದು ಮುಚ್ಚಳ ಇರುತ್ತದೆ. ಗಂಡೇಡಿಗೆ ಕಿರಿದು, ತ್ರಿಕೋನ. ಹೆಣ್ಣೇಡಿಗೆ ಅಗಲ, ದುಂಡಗೆ. ಇದನ್ನು ಎತ್ತಿದಾಗಲೇ ಜನ ಬೆಚ್ಚಿಬೀಳುವುದು.

ಕೆಲವು ವರ್ಷದ ಹಿಂದೆ ದಾದರ್ ಮಾರ್ಕೆಟ್ಟಿನಿಂದ ಚುಕ್ಕೆ ಏಡಿ ತಂದಿದ್ದೆ. ಒಂದರ ಮುಚ್ಚಳ ಎತ್ತಿದರೆ ಒಳಗೆ ಹಳದಿ ಬಣ್ಣದ ಒಂದು ಗಡ್ಡೆ. ಹುರುಳಿಕಾಳಿಗಿಂತ ದೊಡ್ಡದು, ಹುಣಸೆಬೀಜಕ್ಕಿಂತ ಸ್ವಲ್ಪ ದಪ್ಪ. ಮೊಟ್ಟೆ ಇರಬೇಕು ಅಂದುಕೊಂಡೆ. ಬೆರಳಿನಿಂದ ಒತ್ತಿದರೆ ಮೊಟ್ಟೆಯ ಹಾಗೆ ಕಾಳುಕಾಳಾಗಿಲ್ಲ, ನುಣುಪಾದ ತೊಗಲಿನ ಚೀಲದಂತಿತ್ತು. ಒಂದೇ ಒಂದು ಸಣ್ಣ ತೊಟ್ಟಿನಿಂದ ಮೈಗೆ ಅಂಟಿಕೊಂಡಿತ್ತು. ಹೆದರಿ ಅಷ್ಟೂ ಏಡಿಯನ್ನು ಕಸಕ್ಕೆ ಹಾಕಿದೆ. ಅಷ್ಟು ದುಡ್ಡು ಕೊಟ್ಟು ತಂದಿದ್ದು, ಹಾಗೆ ಮಾಡುವ ಅಗತ್ಯವೇ ಇರಲಿಲ್ಲ.

ಅದರ ಹೆಸರು ಸ್ಯಾಕ್ಯುಲಿನಾ. ಬಂಡೆಗೆ, ದೋಣಿಯ ತಳಕ್ಕೆ ಕಚ್ಚಿಕೊಳ್ಳುವ ಬಾರ್ನಕಲ್ ಇದೆಯಲ್ಲ, ಅದರದ್ದೇ ಕುಲ. ಮರಿಯಾಗಿದ್ದಾಗ ಏಡಿಯ ಮೈಯೊಳಗೆ ಸೇರಿ ಬೇರು ಬಿಟ್ಟ ಹಾಗೆ ಎಲ್ಲ ಕಡೆ ಹರಡುತ್ತದೆ. ಆಮೇಲೆ ಮುಚ್ಚಳದ ಕೆಳಗೆ ಈ ಚೀಲ ಹೊರಬರುತ್ತದೆ. ಏಡಿಗೆ ಮುಂದೆ ಮರಿಯಾಗುವುದಿಲ್ಲ. ಗಂಡೇಡಿಗೆ ಹಿಡಿದರೆ ಅದರ ಕಿರಿದಾದ ಮುಚ್ಚಳ ಹೆಣ್ಣಿನದ್ದರ ಹಾಗೆ ಅಗಲವಾಗುತ್ತದೆ, ಚೀಲವನ್ನು ತನ್ನದೇ ಮೊಟ್ಟೆ ಅಂತ ತಿಳಿದು ಅದು ಜೋಪಾನ ಮಾಡುತ್ತದೆ. ಓದಿದಾಗ ನನಗೆ ಏಡಿಯ ಮೇಲೆ ಅಯ್ಯೋ ಅನ್ನಿಸಿತು. ಆದರೆ ಇದು ಮನುಷ್ಯರ ಮೈಯಲ್ಲಿ ಬದುಕುವ ಜೀವಿಯಲ್ಲ. ಚೀಲ ಕಿತ್ತು ಬಿಸಾಕಿ, ಉಳಿದದ್ದನ್ನು ತೊಳೆದು ಚೆನ್ನಾಗಿ ಬೇಯಿಸಿದರೆ ತಿನ್ನಬಹುದು. ಇಂಥ ಏಡಿ ಬಡವಾಗಿ, ಒಳಗೆ ಮಾಂಸ ಕಡಿಮೆ ಇರುವುದೂ ಉಂಟು. ಅಂಗಡಿಯಲ್ಲೇ ಕಂಡರೆ ಬೇರೆ ಕೊಡಿ ಅಂತ ಕೇಳಿ, ಅಷ್ಟೇ.

ನಿಜವಾದ ಮೊಟ್ಟೆ ಆದರೆ ರವೆಯ ಹಾಗೆ ಕಾಳುಕಾಳು. ಮೊದಲು ಕಿತ್ತಳೆ ಬಣ್ಣ, ಮರಿಯಾಗುವ ಹೊತ್ತಿಗೆ ಕಂದು, ಕಪ್ಪು.

ಗದ್ದೆ ಏಡಿಯಲ್ಲಿ ಇನ್ನೊಂದು ನೋಟ ಇದೆ. ಹೆಣ್ಣಿನ ಮುಚ್ಚಳ ಎತ್ತಿದರೆ ಒಳಗೆ ಹತ್ತಾರು ಪುಟಾಣಿಗಳು ಹರಿದಾಡುತ್ತಿರಬಹುದು. ಹುಳ ಅಂತ ಕಿರುಚಬೇಡಿ. ಅವು ಅದರ ಮರಿಗಳು. ಸಮುದ್ರದ ಏಡಿಯ ಮರಿ ನೀರಲ್ಲಿ ತೇಲುತ್ತಾ ರೂಪ ಬದಲಿಸಿ ಬೆಳೆದರೆ, ಸಿಹಿನೀರಿನ ಏಡಿಯ ಮರಿ ಮೊಟ್ಟೆಯಿಂದಲೇ ಪುಟ್ಟ ಏಡಿಯಾಗಿ ಹೊರಬರುತ್ತದೆ. ತಾಯಿ ಅವನ್ನು ಹೊಟ್ಟೆಗೆ ಅವಚಿಕೊಂಡು ಓಡಾಡುತ್ತದೆ. ಅಂಥ ಏಡಿಯನ್ನು ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.

ಚಿಪ್ಪು ತೆಗೆಯುವಾಗ

ಕತ್ತರಿಸುವ ಮುಂಚೆ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ, ಅಥವಾ ಐಸ್ ತುಂಬಿದ ನೀರಿನಲ್ಲಿ ಮುಳುಗಿಸಿ. ಏಡಿ ಮಂಪರಾಗುತ್ತದೆ. ಅದಕ್ಕೂ ನೋವು ಕಡಿಮೆ, ನಿಮ್ಮ ಬೆರಳಿಗೂ ಕ್ಷೇಮ. ಕಾಲಿನ ದಾರ ಮಾತ್ರ ಅಲ್ಲಿಯವರೆಗೆ ಬಿಚ್ಚಬೇಡಿ.

ಮೇಲಿನ ಚಿಪ್ಪು ಎಬ್ಬಿಸಿದರೆ ಎರಡೂ ಕಡೆ ಬೂದು ಬಣ್ಣದ ಎಸಳು ಎಸಳಾದ ಕಿವಿರು ಕಾಣುತ್ತದೆ. ಅಳಿವೆ ಏಡಿಯಾದರೆ ಆ ಕಿವಿರಿನ ಮೇಲೆ ಬಿಳಿ ಕಾಳುಗಳಿರಬಹುದು. ಒಂದೊಂದಕ್ಕೂ ಸಣ್ಣ ತೊಟ್ಟು, ಮೊಳಕೆ ಬಂದ ಹೆಸರುಕಾಳಿನ ಹಾಗೆ. ಅದು ಆಕ್ಟೊಲಾಸ್ಮಿಸ್ ಅನ್ನುವ ಇನ್ನೊಂದು ಬಗೆಯ ಬಾರ್ನಕಲ್. ಏಡಿಯ ಉಸಿರಾಟಕ್ಕೆ ಅಡ್ಡಿ, ನಮಗೆ ಏನೂ ಇಲ್ಲ. ಹೇಗೂ ಕಿವಿರು ತಿನ್ನುವುದಿಲ್ಲವಲ್ಲ, ಎಲ್ಲ ಸೇರಿಸಿ ಕಿತ್ತು ತೆಗೆಯಿರಿ. ಕಣ್ಣಿನ ಹಿಂದಿರುವ ಸಣ್ಣ ಹೊಟ್ಟೆಚೀಲವನ್ನೂ ತೆಗೆಯಿರಿ. ಒಳಗೆ ಹಾಲಿನಂಥ ಬಿಳಿ ನೀರು ಕಂಡು, ಮಾಂಸ ಜಾಳುಜಾಳಾಗಿದ್ದರೆ ಅದು ರೋಗ ಹಿಡಿದ ಏಡಿ. ಅದನ್ನು ಮಾತ್ರ ಎಸೆಯಿರಿ.

ಇಲ್ಲಿಗೆ ಸಮುದ್ರದ ಏಡಿಯ ಹುಳದ ಕಥೆ ಮುಗಿಯಿತು. ಆ ಏಡಿಯಲ್ಲಿ ಭಯಪಡಬೇಕಾದದ್ದು ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ. ಬೇಯಿಸುವ ಮಾತು ಬಂದಾಗ ಅದನ್ನು ಹೇಳುತ್ತೇನೆ.

ಗದ್ದೆ ಏಡಿಯೊಳಗಿನ ಕಾಣದ ಹುಳ

ಹೆಸರು ಪ್ಯಾರಗೋನಿಮಸ್. ಶ್ವಾಸಕೋಶದ ಹುಳ ಅನ್ನಬಹುದು. ದೊಡ್ಡದಾದ ಮೇಲೆ ನೋಡಲು ಕಾಫಿ ಬೀಜದ ಹಾಗೆ, ಸುಮಾರು ಒಂದು ಸೆಂಟಿಮೀಟರ್ ಉದ್ದ. 1878ರಲ್ಲಿ ಆಮ್‌ಸ್ಟರ್‌ಡ್ಯಾಂ ಮೃಗಾಲಯದಲ್ಲಿ ಸತ್ತ ಒಂದು ಬಂಗಾಳದ ಹುಲಿಯ ಶ್ವಾಸಕೋಶದಲ್ಲಿ ಇದನ್ನು ಗುರುತಿಸಿದ್ದರು.

ಅದರ ದಾರಿ ಹೀಗೆ. ರೋಗ ಇರುವ ಮನುಷ್ಯನ ಅಥವಾ ಪ್ರಾಣಿಯ ಕಫದಲ್ಲಿ, ಮಲದಲ್ಲಿ ಮೊಟ್ಟೆ ಹೊರಗೆ ಬೀಳುತ್ತದೆ. ಹಳ್ಳದ ನೀರು ಸೇರಿ ಒಡೆಯುತ್ತದೆ. ಅಲ್ಲಿಂದ ಸಿಹಿನೀರಿನ ಬಸವನಹುಳುವಿನೊಳಗೆ, ಅಲ್ಲಿಂದ ಏಡಿಯೊಳಗೆ. ಏಡಿಯ ಕಿವಿರು, ಮಾಂಸ, ಒಳಗಿನ ಹಳದಿ ಭಾಗದಲ್ಲಿ ಗೂಡು ಕಟ್ಟಿಕೊಂಡು ಕಾಯುತ್ತದೆ. ಗೂಡಿನ ಗಾತ್ರ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅಂಥ ಏಡಿಯನ್ನು ಹಸಿಯಾಗಿ ಅಥವಾ ಅರೆಬೆಂದದ್ದನ್ನು ತಿಂದರೆ ಹುಳ ನಮ್ಮ ಕರುಳನ್ನು ತೂರಿ, ಹೊಟ್ಟೆಗೂ ಎದೆಗೂ ನಡುವಿನ ಪರದೆಯಾದ ವಪೆಯನ್ನು ದಾಟಿ, ಶ್ವಾಸಕೋಶ ಸೇರುತ್ತದೆ. ಅಲ್ಲಿ ಎರಡು ಮೂರು ತಿಂಗಳಲ್ಲಿ ಬೆಳೆದು ಮೊಟ್ಟೆ ಇಡುತ್ತದೆ. ವರ್ಷಗಟ್ಟಲೆ ಬದುಕುತ್ತದೆ. ಕೆಲವರಲ್ಲಿ ದಾರಿ ತಪ್ಪಿ ಮಿದುಳಿಗೂ ಹೋಗುತ್ತದೆ.

ನಮ್ಮ ದೇಶದಲ್ಲಿ ಈ ರೋಗ ಮುಖ್ಯವಾಗಿ ಕಾಣಿಸಿಕೊಂಡಿರುವುದು ಈಶಾನ್ಯ ರಾಜ್ಯಗಳಲ್ಲಿ. 1980ರ ದಶಕದಲ್ಲಿ ಮಣಿಪುರದಿಂದ ವರದಿಗಳು ಬಂದವು. ನಾಗಾಲ್ಯಾಂಡ್, ಅರುಣಾಚಲದಲ್ಲೂ ಇದೆ. ಕ್ಷಯ ಅಂತ ಔಷಧಿ ತೆಗೆದುಕೊಳ್ಳುತ್ತಿದ್ದ ಎಷ್ಟೋ ಮಂದಿಗೆ ನಿಜವಾಗಿ ಇದ್ದದ್ದು ಈ ಹುಳ. ಹಾಗಂತ ಕರ್ಜತ್‌ನ ಏಡಿ ಕಂಡ ಕೂಡಲೇ ಓಡಿಹೋಗಬೇಕು ಅಂತ ನಾನು ಹೇಳುತ್ತಿಲ್ಲ, ನಾನೇ ತರುತ್ತೇನೆ. ಸಿಹಿನೀರಿನ ಏಡಿ ಯಾವ ಹಳ್ಳದ್ದೇ ಆಗಿರಲಿ, ಒಳಗೆ ಹುಳ ಇದೆ ಅಂದುಕೊಂಡೇ ಅಡುಗೆ ಮಾಡಬೇಕು. ನೋಡಿ ತಿಳಿಯುವ ದಾರಿ ಅಡುಗೆಮನೆಯಲ್ಲಿ ಇಲ್ಲ.

ಮಿಕ್ಸಿ ಜಾರ್, ಜರಡಿ, ಮಣೆ

ನನ್ನ ಪ್ರಕಾರ ತಪ್ಪು ಆಗುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗದ್ದೆ ಏಡಿ ಸಣ್ಣದು. ಮಾಂಸಕ್ಕಿಂತ ರಸಕ್ಕೇ ಬೆಲೆ. ಮಲೆನಾಡಿನಲ್ಲಿ ಕಾಲುಗಳನ್ನು ಒರಳಲ್ಲಿ ಕುಟ್ಟಿ, ನೀರು ಹಾಕಿ ಸೋಸಿ, ಆ ರಸದಲ್ಲಿ ಸಾರು ಮಾಡುತ್ತಾರೆ. ಇಲ್ಲಿನವರೂ ಹಾಗೇ. ನಾವೀಗ ಮಿಕ್ಸಿಗೆ ಹಾಕುತ್ತೇವೆ. ಅಂದರೆ ಏಡಿಯೊಳಗೆ ಗೂಡುಗಳಿದ್ದರೆ ಅವೆಲ್ಲ ರಸಕ್ಕೆ, ಜಾರಿಗೆ, ಜರಡಿಗೆ, ಕೈಗೆ ಬಂದವು ಅಂತಲೇ ಲೆಕ್ಕ. ಸಾರು ಕುದಿಯುತ್ತದೆ ಸರಿ. ಜಾರ್ ಕುದಿಯುತ್ತದೆಯೇ?

ಒಂದು ಭಾನುವಾರ ನಾನು ಏಡಿ ರುಬ್ಬಿದ ಜಾರನ್ನು ಬರೀ ತಣ್ಣೀರಲ್ಲಿ ಅಲ್ಲಾಡಿಸಿ, ಅದರಲ್ಲೇ ಕೊತ್ತಂಬರಿ ಚಟ್ನಿ ತಿರುವಿದ್ದೆ. ಮಕ್ಕಳು ದೋಸೆಗೆ ಹಚ್ಚಿಕೊಂಡು ತಿಂದರು. ಏನೂ ಆಗಲಿಲ್ಲ. ಆದರೆ ಈ ಹುಳದ ಬಗ್ಗೆ ಓದಿದ ದಿನ ನೆನಪಾಗಿದ್ದು ಆ ಚಟ್ನಿಯೇ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಹಸಿ ತಿನ್ನುವ ಚಟ್ನಿ, ಕೋಸಂಬರಿ, ಈರುಳ್ಳಿ ಹೆಚ್ಚುವುದು ಎಲ್ಲವನ್ನೂ ಏಡಿ ಮುಟ್ಟುವ ಮುಂಚೆಯೇ ಮುಗಿಸಿ ಮುಚ್ಚಿಡುತ್ತೇನೆ. ಏಡಿಗೆ ಬೇರೆ ಮಣೆ, ಬೇರೆ ಚಾಕು. ರುಬ್ಬಿದ ಕೂಡಲೇ ಜಾರಿಗೆ ಸೋಪು ಹಾಕಿ ತಿಕ್ಕಿ, ಮೇಲಿಂದ ಕುದಿಯುವ ನೀರು ಸುರಿದು ಹತ್ತು ನಿಮಿಷ ಬಿಡುತ್ತೇನೆ. ಬ್ಲೇಡಿನ ಅಡಿ ಮತ್ತು ಮುಚ್ಚಳದ ರಬ್ಬರಿನ ಸಂದು ಮರೆಯಬಾರದು, ಅಲ್ಲೇ ಸಿಕ್ಕಿಕೊಳ್ಳುವುದು. ಬಟ್ಟೆಯಲ್ಲಿ ಸೋಸಿದರೆ ಆ ಬಟ್ಟೆಯನ್ನು ಒಲೆಯ ಮೇಲೆ ಕುದಿಸಬೇಕು. ಸಿಂಕ್ ಕೂಡ ತೊಳೆಯಿರಿ. ಕೈಯಂತೂ ಮೊಣಕೈವರೆಗೆ ತೊಳೆಯಬೇಕು.

ಸೋಸಿದ ರಸದ ರುಚಿ ನೋಡಲೇಬೇಡಿ, ಉಪ್ಪು ಕುದಿದ ಮೇಲೆ ನೋಡಿ. ನೆಗಡಿ, ಕೆಮ್ಮಿಗೆ ಒಳ್ಳೆಯದು ಅಂತ ಹಸಿ ಏಡಿ ರಸ ಕುಡಿಸುವ ಪದ್ಧತಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಅದನ್ನು ಇವತ್ತೇ ಬಿಡಿ. ಕೆಮ್ಮಿಗೆ ಕೊಟ್ಟ ಮದ್ದು ವರ್ಷಗಟ್ಟಲೆ ಕೆಮ್ಮು ತರಬಹುದು. ಬಿಸಿ ಬಿಸಿ ಸಾರು ಕೊಡಿ, ಅದರಲ್ಲಿ ಏನೂ ತೊಂದರೆ ಇಲ್ಲ.

ಎಷ್ಟು ಹೊತ್ತು ಬೇಯಬೇಕು?

ಮಾಂಸದ ಒಳಭಾಗ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮನೆಯಲ್ಲಿ ಯಾರು ಥರ್ಮಾಮೀಟರ್ ಇಟ್ಟು ನೋಡುತ್ತಾರೆ? ಹೊತ್ತಿನ ಲೆಕ್ಕವೇ ಗತಿ.

ಚಿಪ್ಪು ಕೆಂಪಾಯಿತು ಅಂತ ಇಳಿಸಬೇಡಿ. ಬಿಸಿ ತಾಗಿದ ತಕ್ಷಣ ಚಿಪ್ಪಿನ ಬಣ್ಣ ಬದಲಾಗುತ್ತದೆ, ಒಳಗೆ ಹಸಿಯೇ ಇರುತ್ತದೆ. 1978ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಏಡಿ ತಿಂದವರಿಗೆ ಕಾಲರಾ ಬಂದಿತ್ತು. ಪರೀಕ್ಷೆ ಮಾಡಿದಾಗ 8 ನಿಮಿಷ ಕುದಿಸಿದ ಏಡಿಯಲ್ಲೂ ರೋಗಾಣು ಬದುಕಿ ಉಳಿದಿರುವುದು ಗೊತ್ತಾಯಿತು. ಕಾಲರಾ ತರುವುದೂ ವಿಬ್ರಿಯೋ ಜಾತಿಯದ್ದೇ. ಚಿಪ್ಪಿನ ಗೋಡೆ ಎಷ್ಟು ದಪ್ಪ ನೋಡಿ.

ನನ್ನ ಲೆಕ್ಕ ಇದು. ಅರ್ಧ ಕಿಲೋ ತೂಗುವ ಅಳಿವೆ ಏಡಿಯನ್ನು ಇಡಿಯಾಗಿ ಬೇಯಿಸಿದರೆ, ನೀರು ಮತ್ತೆ ಕೊತಕೊತ ಕುದಿ ಬಂದ ಮೇಲೆ 20 ನಿಮಿಷ. ತುಂಡು ಮಾಡಿ ಮಸಾಲೆಗೆ ಹಾಕಿದರೆ ಮುಚ್ಚಿ 15 ನಿಮಿಷ. ದೊಡ್ಡ ಕಾಲುಗಳನ್ನು ಮುಂಚೆಯೇ ಕುಟ್ಟುವ ಕಲ್ಲಿನಿಂದ ಒಂದೊಂದು ಏಟು ಕೊಟ್ಟು ಬಿರುಕು ಬಿಡಿಸಿ. ಬಿಸಿ ಒಳಗೆ ಹೋಗುತ್ತದೆ, ಮಸಾಲೆಯೂ ಹಿಡಿಯುತ್ತದೆ. ಬೆಂದ ಮಾಂಸ ಬೆಳ್ಳಗಾಗಿ ಚಿಪ್ಪಿನಿಂದ ಸಲೀಸಾಗಿ ಬಿಡುತ್ತದೆ. ಗಾಜಿನ ಹಾಗೆ ಪಾರದರ್ಶಕವಾಗಿ ಅಂಟಿಕೊಂಡಿದ್ದರೆ ಮತ್ತೆ ಒಲೆಗೆ.

ಗದ್ದೆ ಏಡಿಗೆ ನಾನು ಕುಕ್ಕರ್ ಬಳಸುತ್ತೇನೆ. ಎರಡು ವಿಷಲ್ ಸಾಕು, ಚಿಂತೆಯೇ ಇಲ್ಲ. ಪಾತ್ರೆಯಲ್ಲೇ ಮಾಡುವುದಾದರೆ ಒಂದು ವಿಷಯ ಗಮನಿಸಿ. ಸೋಸಿದ ರಸ ಬಿಸಿಯಾದಂತೆ ಮೊಟ್ಟೆ ಒಡೆದು ಹಾಕಿದ ಹಾಗೆ ಗಂಟುಗಂಟಾಗಿ ಮೇಲೆ ತೇಲುತ್ತದೆ. ಸಾರು ಆಯಿತು ಅಂತ ಆಗಲೇ ಇಳಿಸುವವರಿದ್ದಾರೆ. ಅದು ಶುರು ಅಷ್ಟೇ. ಅಲ್ಲಿಂದ ಮುಂದೆ ಹದಿನೈದು ನಿಮಿಷ ಕುದಿಯಲಿ.

ಮಳೆಗಾಲದ ಪಿಕ್ನಿಕ್ಕಿಗೆ ಕರ್ಜತ್, ಲೋಣಾವಳಾ ಕಡೆ ಹೋಗುವ ಹುಡುಗರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಹಳ್ಳದಲ್ಲಿ ಹಿಡಿದ ಏಡಿಯನ್ನು ಕೆಂಡದ ಮೇಲೆ ಸುಟ್ಟು ತಿನ್ನುವುದು ಅಪಾಯ. ಕಾಲು ಕರಕಲಾಗಿರುತ್ತದೆ, ನಡುವೆ ಹಸಿ ಇರುತ್ತದೆ.

ಇತ್ತೀಚೆಗೆ ಕೊರಿಯಾದ ಸೀರಿಯಲ್ ನೋಡಿ ಸೋಯಾ ಸಾಸಿನಲ್ಲಿ ನೆನೆಸಿದ ಹಸಿ ಏಡಿ ಮಾಡಬೇಕು ಅಂತ ನನ್ನ ಮಗಳೇ ಕೇಳಿದಳು. ಕೊರಿಯಾದಲ್ಲೇ ಹೊಳೆಯ ಏಡಿಯನ್ನು ಹಾಗೆ ತಿಂದು ಈ ಶ್ವಾಸಕೋಶದ ಹುಳ ಹತ್ತಿಸಿಕೊಂಡವರು ಬಹಳ ಜನ. ಸೋಯಾ, ಉಪ್ಪು, ವಿನೆಗರ್, ನಿಂಬೆರಸ, ಹೆಂಡ, ಯಾವುದನ್ನು ನಂಬಿಯೂ ಹಸಿ ಏಡಿ ತಿನ್ನಬಾರದು. ನಿಂಬೆರಸದಲ್ಲಿ ಮಾಂಸ ಬೆಳ್ಳಗಾದರೆ ಬೆಂದ ಹಾಗೆ ಕಾಣುತ್ತದೆ, ಬೆಂದಿರುವುದಿಲ್ಲ. ಮನೆಯ ಫ್ರೀಜರನ್ನೂ ನಂಬಬೇಡಿ. ಮೀನಿನ ಹುಳ ಸಾಯಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು ಅನ್ನುತ್ತದೆ ಅಮೆರಿಕದ ಆಹಾರ ಇಲಾಖೆಯ ನಿಯಮ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ನಮ್ಮ ಫ್ರಿಜ್ಜಿನಲ್ಲಿ ಅಷ್ಟು ಚಳಿ ನಿಲ್ಲುವುದಿಲ್ಲ. ಸಮುದ್ರದ ಏಡಿಯೇ ಆದರೂ ಮುಂಬೈಯ ಸೆಖೆಯಲ್ಲಿ ಹಸಿ ಬೇಡ.

ಕೆಮ್ಮು ಬಿಡದಿದ್ದರೆ

ವಾರಗಟ್ಟಲೆ ಕೆಮ್ಮು, ತುಕ್ಕಿನ ಬಣ್ಣದ ಅಥವಾ ರಕ್ತ ಬೆರೆತ ಕಫ, ಎದೆನೋವು, ಸಣ್ಣ ಜ್ವರ. ಇವೆಲ್ಲ ಕ್ಷಯದ ಲಕ್ಷಣವೂ ಹೌದು. ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು, ಅದನ್ನು ಮುಂದೂಡಬೇಡಿ. ಜೊತೆಗೆ ಡಾಕ್ಟರಿಗೆ ಒಂದು ಮಾತು ಹೇಳಿ: ಕಳೆದ ಒಂದೆರಡು ವರ್ಷದಲ್ಲಿ ಸಿಹಿನೀರಿನ ಏಡಿಯನ್ನು ಹಸಿ ಅಥವಾ ಅರೆಬೆಂದದ್ದನ್ನು ತಿಂದಿದ್ದೆ, ಇಂಥ ಊರಿನಲ್ಲಿ ತಿಂದಿದ್ದೆ ಅಂತ. ಅವರು ತಾವಾಗಿ ಕೇಳುವುದು ಅಪರೂಪ. ಆಗ ಕಫದಲ್ಲಿ, ಮಲದಲ್ಲಿ ಹುಳದ ಮೊಟ್ಟೆ ಇದೆಯೇ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಕಣಗಳ ಲೆಕ್ಕ ಏರಿದ್ದರೂ ಸುಳಿವು ಸಿಗುತ್ತದೆ.

ಗುಣವಾಗುವ ರೋಗ ಇದು. ಪ್ರಾಜಿಕ್ವಾಂಟೆಲ್ ಅನ್ನುವ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಎರಡು ಮೂರು ದಿನ ಕೊಡುತ್ತಾರೆ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಜಂತುಹುಳದ ಆಲ್ಬೆಂಡಜೋಲ್ ಇದಕ್ಕೆ ಮದ್ದಲ್ಲ. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಕ್ಷಯದ ಔಷಧಿ ನಡೆಯುತ್ತಿದ್ದರೆ ಅದನ್ನು ನೀವೇ ನಿಲ್ಲಿಸಲೂಬೇಡಿ.

ಏಡಿ ತಿಂದ ಅರ್ಧ ಗಂಟೆಯಲ್ಲೇ ತುಟಿ ಊದಿ, ಮೈ ತುರಿಸಿದರೆ ಅದು ಹುಳವಲ್ಲ, ಅಲರ್ಜಿ. ಎಷ್ಟು ಬೇಯಿಸಿದರೂ ಅಲರ್ಜಿ ತರುವ ಅಂಶ ಹೋಗುವುದಿಲ್ಲ. ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಯಲ್ಲಿ ಉಳಿಯುವುದು ಕಸ. ಕಿವಿರು, ಚಿಪ್ಪು, ರುಬ್ಬಿ ಸೋಸಿದ ಚರಟ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ, ಗಂಟು ಕಟ್ಟಿ ಹಸಿ ಕಸಕ್ಕೆ ಹಾಕಿ. ಈ ಹುಳ ಬೆಕ್ಕು ನಾಯಿಗಳ ಮೈಯಲ್ಲೂ ಬೆಳೆಯುತ್ತದೆ. ನಾನು ಏಡಿ ತೊಳೆಯಲು ಕೂತರೆ ನಮ್ಮ ಬಿಲ್ಡಿಂಗಿನ ಬೂದು ಬೆಕ್ಕು ವಾಸನೆ ಹಿಡಿದು ಬಾಗಿಲಲ್ಲಿ ಬಂದು ಕೂರುತ್ತದೆ. ಮೊದಲೆಲ್ಲ ಕಿವಿರು ಅದಕ್ಕೇ ಹೋಗುತ್ತಿತ್ತು. ಈಗ ಬೆಕ್ಕು ಸ್ವಲ್ಪ ಹೊತ್ತು ಕಾಯಬೇಕು. ಮಸಾಲೆ ಹಾಕುವ ಮುಂಚೆ ಬೇಯಿಸಿ ತೆಗೆದಿಟ್ಟ ಎರಡು ಕಾಲಿನ ಮಾಂಸ ಬಿಡಿಸಿ, ಆರಿದ ಮೇಲೆ ಅದರ ತಟ್ಟೆಗೆ ಹಾಕುತ್ತೇನೆ.